ಬರೆಯದೆ ಉಳಿದಿದ್ದ ನಿಯಮ

ಒಂದಾನೊಂದು ಕಾಲದಲ್ಲಿ, ಅಂದರೆ ಗಣಿತದ ಮೇಡಂ ಮೂರು ಮಹಡಿ ಹತ್ತಿದರೂ ಅವರ ಮಂಡಿಗಳು ಚಕಾರವೆತ್ತದಿದ್ದ ಕಾಲದಲ್ಲಿ, ಒಂದು ಕಾಗದ ಹುಟ್ಟಿತು. ಹುಟ್ಟಿದಾಗ ಅದು ಅಂಗೈಯಗಲ ಇತ್ತು. ಮೈಮೇಲೆ ಮೂರೇ ಸಾಲು: ಹೊತ್ತಿಗೆ ಸರಿಯಾಗಿ ಬನ್ನಿ, ಲೆಕ್ಕದ ಹೆಜ್ಜೆಗಳನ್ನು ತೋರಿಸಿ, ತಿಳಿಯದಿದ್ದರೆ ಕೇಳಿ. ಕತೆಗಳಲ್ಲಿ ಬರುವ ಕೂಸಿನಂತೆ ಅದು ದಿನಕ್ಕೊಂದು ಗೇಣು ಬೆಳೆಯಲಿಲ್ಲ. ಟರ್ಮಿಗೆ ಒಂದೋ ಎರಡೋ ಸಾಲು ಬೆಳೆಯಿತು. ಯಾರೋ ಒಬ್ಬರು ಯಾರಿಗೂ ಹೊಳೆಯದ ಒಂದು ತಪ್ಪು ಮಾಡುವರು, ಮೇಡಂ ಅದರ ಮೇಲೊಂದು ಸಾಲು ಬರೆಯುವರು, ಕಾಗದ ಅದನ್ನು ಗುಳುಂ ಮಾಡಿ ಇನ್ನಷ್ಟು ಅಗಲವಾಗುವುದು. ಹೀಗೆ ಇಪ್ಪತ್ತೆರಡು ವರ್ಷ ತಿಂದು ತಿಂದು ಅದು ಒಂಬತ್ತು ಹಾಳೆ, ಮೂವತ್ತೊಂದು ನಿಯಮಗಳ ಭಾರೀ ಪ್ರಾಣಿಯಾಯಿತು.

ಅದರ ಹಣೆಯ ಮೇಲೆ ದಪ್ಪ ಅಕ್ಷರದಲ್ಲಿ ಹೀಗಿತ್ತು: "ಪ್ರಾರಂಭಿಕ ಗಣಿತ, ಮೊದಲ ವರ್ಷ. ನಮ್ಮ ನಿರೀಕ್ಷೆಗಳು ಮತ್ತು ನಿಯಮಗಳು." ಟರ್ಮಿನ ಮೊದಲ ವಾರ ಪ್ರತಿ ವಿದ್ಯಾರ್ಥಿಯೂ ಅದನ್ನು ಪಡೆದು, ಕೊನೆಯಲ್ಲಿರುವ ಚೀಟಿಗೆ ಸಹಿ ಹಾಕಿ, ಹರಿದು ಕೊಡಬೇಕು. ಸಹಿ ಹಾಕುವ ಮುಂಚೆ ಪೂರ್ತಿ ಓದಬೇಕು ಎಂದೂ ಒಂದು ನಿಯಮವಿತ್ತು. ಆ ನಿಯಮವನ್ನು ಯಾರೂ ಓದಿರಲಿಲ್ಲ.

ಒಂದೊಂದು ನಿಯಮದ ಹಿಂದೆಯೂ ಒಂದೊಂದು ಪ್ರಾಣ ಅಡಗಿತ್ತು. ಒಬ್ಬ ಹುಡುಗಿಯ ಒಬ್ಬಳೇ ಸೋದರತ್ತೆಗೆ ಒಂದೇ ಟರ್ಮಿನಲ್ಲಿ ಎರಡು ಸಲ ಮದುವೆಯಾಗಿದ್ದರಿಂದ ಒಂಬತ್ತನೆಯದು ಬಂತು: ಮನೆಯ ಸಮಾರಂಭಕ್ಕೆ ರಜೆ ಒಂದೇ ಬಾರಿ. ಇಬ್ಬರು ಗೆಳೆಯರು ಒಂದೇ ಕ್ಯಾಲ್ಕುಲೇಟರಿಗೆ ಹೊಲಿಗೆ ದಾರ ಕಟ್ಟಿ, ಬೆಂಚಿನಿಂದ ಬೆಂಚಿಗೆ ಎಳೆದಾಡಿಕೊಂಡು ಪರೀಕ್ಷೆ ಬರೆದದ್ದರಿಂದ ಹನ್ನೊಂದನೆಯದು ಬಂತು. ಉತ್ತರದ ನಡುವೆ ದಾರಿ ತಪ್ಪಿದ ಒಬ್ಬ "ಇತ್ಯಾದಿ" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರಿಂದ ಇಪ್ಪತ್ತೆರಡನೆಯದು. ಇಪ್ಪತ್ತಾರನೆಯದು ಒಂದು ಬೆಕ್ಕಿನ ಮರಿಯದು. ಪಾಪ, ಅದು ಚೀಲದೊಳಗೆ ಸುಮ್ಮನೆ ಮಲಗಿತ್ತು, ಪ್ರಶ್ನೆಪತ್ರಿಕೆ ಹಂಚುವ ಹೊತ್ತಿಗೆ ಎಚ್ಚರವಾಯಿತು.

ಇಷ್ಟೆಲ್ಲ ಬರೆದ ಮೇಡಂ ಒಂದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ. ಪರೀಕ್ಷೆಯಲ್ಲಿ ನಲವತ್ತಕ್ಕಿಂತ ಕಡಿಮೆ ಬಂದವರು ಮುಂದಿನ ಶನಿವಾರ ಬಂದು ಮತ್ತೊಮ್ಮೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಲೆಕ್ಕಕ್ಕೆ. ಇಪ್ಪತ್ತೆರಡು ವರ್ಷವೂ ಹೀಗೇ ನಡೆದಿತ್ತು. ಪೇಪರು ಹಿಂದಿರುಗಿಸುವಾಗ "ಕಡಿಮೆ ಬಂದೋರು ಶನಿವಾರ ಬನ್ನಿ" ಎನ್ನುವರು, ಆ ಕಿಟಕಿ ಸ್ವಲ್ಪ ಮುಚ್ಚಿ ಎನ್ನುವ ದನಿಯಲ್ಲಿ. ಬೆಕ್ಕಿನ ಮರಿಗೂ ಒಂದು ನಿಯಮ ಬರೆದ ಕೈಗೆ ಇದನ್ನು ಬರೆಯಬೇಕು ಎಂದು ಅನ್ನಿಸಿಯೇ ಇರಲಿಲ್ಲ. ಗೊತ್ತಿರುವುದನ್ನು ಯಾರಾದರೂ ಬರೆದಿಡುತ್ತಾರೆಯೇ?

ಅಂಕ ಬದಲಾವಣೆಯ ಅರ್ಜಿಯಲ್ಲಿ "ಯಾವ ನಿಯಮದ ಪ್ರಕಾರ" ಎಂಬ ಒಂದು ಖಾನೆ ಇತ್ತು. ಪರೀಕ್ಷಾ ವಿಭಾಗದ ಹಳೆಯ ಗುಮಾಸ್ತರು ಅಲ್ಲಿ ಒಂದು ಗೀಟು ಹಾಕಿ ಮೊಹರು ಒತ್ತುತ್ತಿದ್ದರು. ಹೋದ ಟರ್ಮಿನಲ್ಲಿ ಅವರು ನಿವೃತ್ತರಾದರು, ಅವರ ಜಾಗಕ್ಕೆ ಕಂಪ್ಯೂಟರ್ ಬಂತು. ಕಂಪ್ಯೂಟರಿಗೆ ಗೀಟು ಹಿಡಿಸಲಿಲ್ಲ. ಖಾನೆ ಕೆಂಪಗೆ ತಿರುಗಿ ನಿಯಮದ ಸಂಖ್ಯೆ ಕೇಳಿತು. ಮೇಡಂ ಒಂಬತ್ತು ಹಾಳೆಗಳನ್ನೂ ಹಿಂದುಮುಂದಾಗಿ ಹುಡುಕಿದರು. ಹೀಗಿರು, ಹಾಗಿರಬೇಡ ಎನ್ನುವ ನಿಯಮಗಳು ಮೂವತ್ತೊಂದು ಸಿಕ್ಕವು, ಮತ್ತೊಮ್ಮೆ ಬಾ ಎನ್ನುವ ನಿಯಮ ಒಂದೂ ಸಿಗಲಿಲ್ಲ.

ಅರ್ಜಿ ವಾಪಸಾಯಿತು. ಆ ಅರ್ಜಿ ಡ್ರೈವರಕ್ಕನದು.

ಡ್ರೈವರಕ್ಕ ಮೇಡಂ ಓಡಾಡುವ ಬಸ್ಸನ್ನೇ ಓಡಿಸುವವಳು. ಹದಿನೇಳು ವರ್ಷದಿಂದ ಸ್ಟೀರಿಂಗ್ ಹಿಡಿದು ಬೆನ್ನು ಸೋತಿತ್ತು. ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿಕೊಂಡೇ ಸೀಟು ಹತ್ತುತ್ತಿದ್ದಳು. ಇನ್ನೊಂದು ವರ್ಷ ಹೀಗೇ ಕುಲುಕಿದರೆ ಎದ್ದು ನಿಲ್ಲುವುದೂ ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಡಿಪೋದಲ್ಲಿ ಬಸ್ಸುಗಳ ವೇಳಾಪಟ್ಟಿ ಮಾಡುವ ಕೋಣೆಯಲ್ಲಿ ಒಂದು ಕುರ್ಚಿ ಈ ವರ್ಷ ಖಾಲಿಯಾಗುವುದಿತ್ತು. ಅದಕ್ಕೆ ಕಾಲೇಜಿನ ಪ್ರಾರಂಭಿಕ ಗಣಿತ ಪಾಸಾಗಿರಬೇಕು. ಕಾಲೇಜು ಒಬ್ಬರಿಗೆ ಮೂರು ಅವಕಾಶ ಕೊಡುತ್ತಿತ್ತು. ಮೊದಲನೆಯದರಲ್ಲಿ ಆಕೆ ನೀರು ಕುಡಿದಷ್ಟು ಸಲೀಸಾಗಿ ಫೇಲಾದಳು. ಎರಡನೆಯದರಲ್ಲಿ ಮೂವತ್ತನಾಲ್ಕು ಬಂತು. ಶನಿವಾರ ಬಂದು ಮತ್ತೆ ಬರೆದಾಗ ಐವತ್ತೆರಡು. ಆ ಐವತ್ತೆರಡು ಕೆಂಪು ಖಾನೆಯ ಹೊಸಿಲಲ್ಲೇ ನಿಂತುಬಿಟ್ಟಿತು, ಎರಡನೆಯ ಅವಕಾಶವೂ ಹೋಯಿತು.

"ಆ ಶನಿವಾರದ್ದು ಬರೆದಿದ್ರೆ ಮಾತ್ರ ಮೂರನೇ ಸಲ ಸೇರ್ತೀನಿ ಮೇಡಂ," ಎಂದಿದ್ದಳು ಆಕೆ. "ಬಾಯಲ್ಲಿ ಹೇಳಿದ್ದು ಬಸ್ಸಿನ ಹೊಗೆ ಇದ್ದಂಗೆ. ಹಿಂದೆ ತಿರುಗಿ ನೋಡಿದ್ರೆ ಇರಲ್ಲ."

ಬರೆಯುತ್ತೇನೆ ಎಂದು ಮೇಡಂ ಮಾತು ಕೊಟ್ಟರು. ಕೊಟ್ಟು ಐದು ವಾರವಾಗಿತ್ತು.

ಆ ಶುಕ್ರವಾರ ಬೆಳಿಗ್ಗೆ ಅವರು ಬಸ್ಸು ಹತ್ತುತ್ತಲೇ ಮೇಲಿನ ಕನ್ನಡಿಯಲ್ಲಿ ಎರಡು ಕಣ್ಣು ಕಾದಿದ್ದವು.

"ಬರೆದ್ರಾ ಮೇಡಂ?"

"ಇವತ್ತು ಬರೀತೀನಿ ಕಣಮ್ಮಾ."

"ನಿನ್ನೇನೂ ಇವತ್ತೇ ಅಂದಿದ್ರಿ."

"ನಿನ್ನೆ ಅಂದ ಇವತ್ತು ಬೇರೆ. ಇದು ಖರೇ ಇವತ್ತು."

"ನಮ್ ಡಿಪೋದಲ್ಲಿ ಹಿಂಗಂದ್ರೆ ಸ್ಟಾಪಲ್ಲಿರೋ ಜನ ನನ್ನ ಇಳಿಸಿ ತಾವೇ ಓಡಿಸ್ಕೊಂಡ್ ಹೋಗ್ತಾರೆ," ಎಂದು ಡ್ರೈವರಕ್ಕ ಗೇರು ಬದಲಿಸಿದಳು. ನಕ್ಕಳೋ, ಬೆನ್ನು ಚುಚ್ಚಿ ಮುಖ ಕಿವುಚಿದಳೋ, ಕನ್ನಡಿಯಲ್ಲಿ ಗೊತ್ತಾಗಲಿಲ್ಲ. "ಹೆಸರು ನೋಂದಾಯಿಸೋಕೆ ಇವತ್ತೇ ಕೊನೆ, ಐದು ಗಂಟೆಗೆ ಕಿಟಕಿ ಮುಚ್ತಾರೆ. ನಾಲ್ಕು ಇಪ್ಪತ್ತಕ್ಕೆ ನಿಮ್ ಗೇಟಿನ ಮುಂದೆ ನನಗೆ ಹನ್ನೆರಡು ನಿಮಿಷ ಬಿಡುವಿರುತ್ತೆ. ಬರ್ತೀನಿ. ಇದ್ರೆ ಇದೆ, ಇಲ್ದಿದ್ರೆ ಇಲ್ಲ. ನಾನೇನೂ ಬೇಜಾರು ಮಾಡ್ಕೊಳಲ್ಲ."

ಬೇಜಾರು ಮಾಡಿಕೊಳ್ಳುತ್ತೇನೆ ಎಂದಿದ್ದರೆ ಮೇಡಂಗೆ ಅಷ್ಟು ಭಾರವಾಗುತ್ತಿರಲಿಲ್ಲ.

ಕಾಲೇಜು ಮುಟ್ಟಿದರೆ ಮೇಜಿನ ಮೇಲೆ ವಿಭಾಗದ ಮುಖ್ಯಸ್ಥರ ಚೀಟಿ ಕೂತಿತ್ತು. ಈ ವರ್ಷದಿಂದ ನಿಯಮಗಳ ಕಾಗದ ಒಂದೇ ಹಾಳೆ, ಒಂದೇ ಮಗ್ಗುಲು. ಎರಡೂ ಸೆಕ್ಷನ್ನಿನ ಶಿಕ್ಷಕರ ಸಹಿಯೊಂದಿಗೆ ನಾಲ್ಕು ಗಂಟೆಯೊಳಗೆ ಪ್ರಿಂಟಿಂಗ್ ರೂಮಿಗೆ ಹೋಗತಕ್ಕದ್ದು. ಹೋಗದಿದ್ದರೆ ಮುಖ್ಯ ಕಚೇರಿಯ ಸಾಮಾನ್ಯ ನಿಯಮಗಳೇ ಗಣಿತಕ್ಕೂ ಅನ್ವಯ. ಸಾಮಾನ್ಯ ನಿಯಮಗಳ ಹಾಳೆ ಮೇಡಂಗೆ ಗೊತ್ತಿತ್ತು. ಅದರ ಆರನೇ ಸಾಲು: ಮೊದಲು ಪಡೆದ ಅಂಕವೇ ಅಂತಿಮ.

ಮೇಡಂ ಚೀಲ ಕೆಳಗಿಡದೆ ಒಂದು ನಿಮಿಷ ಹಾಗೇ ನಿಂತರು. ಸ್ಟಾಫ್ ರೂಮಿನಲ್ಲಿ ಹಳೆಯ ಸೀಮೆಸುಣ್ಣ, ಆರಿದ ಕಾಫಿ, ಒದ್ದೆ ಕೊಡೆ ಇವುಗಳ ವಾಸನೆ ಬೆರೆತಿತ್ತು. ಬೀರುವಿನ ಮೇಲೆ ಹತ್ತು ವರ್ಷದ ಉತ್ತರಪತ್ರಿಕೆಗಳ ಕಟ್ಟುಗಳು ಒಂದರ ಹೆಗಲ ಮೇಲೊಂದು ತಲೆಯಿಟ್ಟು ನಿದ್ದೆ ಮಾಡುತ್ತಿದ್ದವು. ತಾನೂ ಹತ್ತಿ ಅವುಗಳ ಪಕ್ಕ ಮಲಗಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎನ್ನಿಸಿತು ಅವರಿಗೆ.

ಕೂತರು. ಕೆಂಪು ಪೆನ್ನು ತೆಗೆದರು. ಇಪ್ಪತ್ತೆರಡು ವರ್ಷ ಬೇರೆಯವರ ಹಾಳೆಗಳ ಮೇಲೆ ಓಡಿದ ಪೆನ್ನು ಮೊದಲ ಸಲ ಅವರದೇ ಹಾಳೆಯ ಮೇಲೆ ಓಡಿತು. ಸೋದರತ್ತೆಯ ಮದುವೆ ಹೋಯಿತು. ಬೆಕ್ಕಿನ ಮರಿ ಹೋಯಿತು. "ಇತ್ಯಾದಿ" ಹೋಯಿತು. ಪೆನ್ಸಿಲಿನಲ್ಲಿ ಬರೆದ ಉತ್ತರಕ್ಕೆ ಮರುಪರಿಶೀಲನೆ ಇಲ್ಲ ಎಂಬ, ಬಿ ಸೆಕ್ಷನ್ನಿನ ಮೇಷ್ಟ್ರು ಹಟ ಹಿಡಿದು ಸೇರಿಸಿದ ನಿಯಮ ಉಳಿಯಿತು, ಹಾಜರಿ ಉಳಿಯಿತು, ಹೆಜ್ಜೆ ತೋರಿಸುವುದು ಉಳಿಯಿತು. ಹನ್ನೊಂದು ಗಂಟೆಯ ಕ್ಲಾಸು ಮುಗಿಸಿ ಬಂದು ಮತ್ತೆ ಕೂತರು. ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದು ಹದಿನಾಲ್ಕಾಗಿತ್ತು. ಕೊನೆಯಲ್ಲಿ ಎರಡು ಸಾಲಿನ ಜಾಗ ಬಿಟ್ಟು, ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಆ ಜಾಗವನ್ನೇ ನೋಡುತ್ತ ಕೂತರು.

ಆಗ ಫೋನು ಬಂತು. ತಂಗಿ. ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಸಮಯ ಕೊಡುವ ಕೆಲಸ ಅವಳದು. ಅಕ್ಕನಿಗೂ ಅದೇ ದನಿಯಲ್ಲಿ ಸಮಯ ಕೊಡುತ್ತಿದ್ದಳು.

"ಅಕ್ಕಾ, ನೀರಿನ ವ್ಯಾಯಾಮದ ಕ್ಲಾಸಲ್ಲಿ ಒಂದೇ ಒಂದು ಜಾಗ ಉಳಿದಿದೆಯಂತೆ. ನಿನ್ನ ಮಂಡಿಗೆ ಅಂತ ಡಾಕ್ಟ್ರು ಹೇಳಿದ್ರಲ್ಲ, ಅದೇ. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದು. ಹಾಕ್ಸಲಾ?"

"ಶನಿವಾರ ಬಿಟ್ಟು ಬೇರೆ ದಿನ ಇಲ್ವೇನೇ?"

"ಇಲ್ಲ. ವಾರದಲ್ಲಿ ಏಳು ದಿನ ಇದೆ ಅಂತ ನೀನು ಮಕ್ಕಳಿಗೆ ಲೆಕ್ಕ ಹೇಳ್ಕೊಡ್ತೀಯ, ನಿನ್ನ ವಾರಕ್ಕೆ ಯಾವತ್ತಾದ್ರೂ ಏಳು ದಿನ ಇದ್ವಾ? ಎಷ್ಟು ವರ್ಷದಿಂದ ಆ ಶನಿವಾರ ಅವ್ರಿಗೇ ಬರ್ಕೊಟ್ಟಿದ್ದೀಯಾ!"

"ಬರ್ಕೊಟ್ಟಿಲ್ಲ ಕಣೇ," ಎಂದರು ಮೇಡಂ. "ಅದೇ ಈಗ ತೊಂದರೆ ಆಗಿರೋದು."

"ಏನೋ ಒಗಟು. ನಾಲ್ಕು ಗಂಟೆ ಒಳಗೆ ಹೇಳು. ಆಮೇಲೆ ಅವ್ರು ಬೇರೆಯವ್ರಿಗೆ ಕೊಡ್ತಾರೆ."

ಎಲ್ಲರಿಗೂ ನಾಲ್ಕು ಗಂಟೆಯೇ ಬೇಕಿತ್ತು ಆ ದಿನ.

ಫೋನಿಟ್ಟ ಮೇಲೆ ಮೇಡಂ ಮನಸ್ಸಿನಲ್ಲಿ ಒಂದು ಕೊಳ ತೆರೆದುಕೊಂಡಿತು. ಬೆಚ್ಚಗಿನ ನೀಲಿ ನೀರು, ಅದರೊಳಗೆ ತೂಕವೇ ಇಲ್ಲದ ಎರಡು ಮಂಡಿಗಳು. ಆ ಎರಡು ಸಾಲು ಬರೆಯದಿದ್ದರೆ ಆಯಿತು. ಕೈಯೇ ಆಡಿಸಬೇಕಾಗಿಲ್ಲ. ಯಾರೂ ಬೈಯುವುದಿಲ್ಲ, ಡ್ರೈವರಕ್ಕನೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದಿದ್ದಾಳೆ. ಹೆಡ್ಡು ಕೊಟ್ಟ ಹಾಳೆಯಲ್ಲಿ ಜಾಗ ಸಾಲಲಿಲ್ಲ ಎಂದರೆ ಸುಳ್ಳೂ ಆಗುವುದಿಲ್ಲ. ಇಪ್ಪತ್ತೆರಡು ವರ್ಷ ಕಂಡವರ ತಪ್ಪನ್ನು ಎರಡೆರಡು ಸಲ ತಿದ್ದಿದ ಮೇಲೆ ಒಬ್ಬರು ಸುಸ್ತಾಗಬಾರದೇ?

ಮೇಡಂ ಎದ್ದು ನೀರು ಕುಡಿದು ಬಂದರು. ಮುಚ್ಚಳ ತೆಗೆದರು. "ನಲವತ್ತಕ್ಕಿಂತ ಕಡಿಮೆ ಪಡೆದವರು ಮುಂದಿನ ಶನಿವಾರ ಮತ್ತೊಮ್ಮೆ ಬರೆಯಬಹುದು," ಎಂದು ಬರೆದರು. ಸಂಖ್ಯೆ ಹದಿನೈದು. ಬರೆದದ್ದನ್ನು ಎರಡನೇ ಸಲ ಓದದೆ, ಸಹಿಗಾಗಿ ಬಿ ಸೆಕ್ಷನ್ನಿನ ಮೇಷ್ಟ್ರ ಕೋಣೆಗೆ ಹೊರಟರು.

ಬಿ ಸೆಕ್ಷನ್ನಿನ ಮೇಷ್ಟ್ರನ್ನು ಹುಡುಗರು ಅರ್ಧಾಂಕ ಮೇಷ್ಟ್ರು ಎನ್ನುತ್ತಿದ್ದರು. ಪೂರ್ಣ ಅಂಕ ಕೊಟ್ಟರೆ ಅವರ ಕೈಗೆ ನೋವು ಬರುತ್ತದೆ ಎಂದು ಹೇಳಿಕೆ. ಹಗಲು ಇಲ್ಲಿ, ಸಂಜೆ ಇನ್ನೊಂದು ಕಾಲೇಜಿನಲ್ಲಿ ಪಾಠ. ಕೂತರೆ ನಿದ್ದೆ ಬರುತ್ತದೆಂದು ಎತ್ತರದ ಬೀರುವಿನ ಮೇಲೆ ಪೇಪರು ಹರಡಿಕೊಂಡು ನಿಂತೇ ತಿದ್ದುತ್ತಿದ್ದರು. ಈಗಲೂ ಹಾಗೇ ನಿಂತಿದ್ದರು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ.

ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಹದಿನಾಲ್ಕರವರೆಗೆ ಅವರ ಹುಬ್ಬು ಅಲ್ಲಾಡಲಿಲ್ಲ. ಹದಿನೈದಕ್ಕೆ ಬಂದು ನಿಂತಿತು.

"ಇದೇನ್ ಮೇಡಂ, ಹೊಸ ಸೇರ್ಪಡೆ?"

"ಹೊಸದಲ್ಲ ಮೇಷ್ಟ್ರೇ. ನಾನು ಮೊದಲಿಂದ್ಲೂ ಮಾಡ್ತಾ ಬಂದಿದ್ದೇ. ಬರೆದಿರ್ಲಿಲ್ಲ ಅಷ್ಟೇ."

"ಬರೆಯದೇ ಇದ್ದಿದ್ರಿಂದ ನಾನು ಇಷ್ಟು ದಿನ ಕಣ್ಣುಮುಚ್ಚಿಕೊಂಡಿದ್ದೆ. ಬರೆದ್ರೆ ನನ್ನ ಸೆಕ್ಷನ್ನಿಗೂ ಆಗುತ್ತೆ. ನನಗೆ ಎಪ್ಪತ್ತೊಂದು ಹುಡುಗ್ರು. ಸಂಜೆ ಕಾಲೇಜಲ್ಲಿ ಇನ್ನೂ ಅರವತ್ತು. ಶನಿವಾರ ಒಂದೇ ದಿನ ನನ್ನ ಹೆಂಡತಿ ನನ್ನ ಮುಖ ನೋಡೋದು, ಅದೂ ಊಟದ ಹೊತ್ತಲ್ಲಿ. ಸಹಿ ಹಾಕಲ್ಲ."

"ನಿಮ್ಮ ಸೆಕ್ಷನ್ನಿಂದೂ ನಾನೇ ತಿದ್ತೀನಿ ಬಿಡಿ," ಎಂದುಬಿಟ್ಟರು ಮೇಡಂ. ಎಂದ ಮರುಕ್ಷಣವೇ ಎರಡೂ ಮಂಡಿಗಳು ಒಟ್ಟಿಗೆ ನೊಂದವು.

"ನೀವು ತಿದ್ದೋದಾ! ನೀವು ತಿದ್ದಿದ್ರೆ ನನ್ನ ಸೆಕ್ಷನ್ನೆಲ್ಲ ಜಾಣರಾಗಿಬಿಡ್ತಾರೆ. ನಿಮ್ಮ ಕೈ ಧಾರಾಳ." ಮೇಷ್ಟ್ರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. "ಕೆಲಸದ ಮಾತು ಬಿಡಿ. ನ್ಯಾಯದ ಮಾತು ಹೇಳಿ. ಎರಡನೇ ಸಲ ಬರೆಯೋಕೆ ಬಿಡ್ತಾರೆ ಅಂತ ಅಚ್ಚು ಹಾಕ್ಸಿ ಕೊಟ್ರೆ, ಮೊದಲನೇ ಸಲ ಯಾರು ಓದ್ತಾರೆ? ಪ್ರಶ್ನೆ ಹೇಗಿರುತ್ತೆ ಅಂತ ನೋಡೋಕೆ ಬರ್ತಾರೆ, ಪೆನ್ನು ಕಚ್ಕೊಂಡು ಕೂತಿದ್ದು ಹೋಗ್ತಾರೆ. ನಿಜವಾಗಿ ಓದಿ ನಲವತ್ತೈದು ತಗೊಂಡ ಹುಡುಗಿಗೂ, ಓದದೆ ಬಂದು ಆಮೇಲೆ ಐವತ್ತು ತಗೊಂಡವನಿಗೂ ಏನು ವ್ಯತ್ಯಾಸ?"

ಮೇಷ್ಟ್ರ ಮಾತಿನಲ್ಲಿ ತಪ್ಪಿರಲಿಲ್ಲ. ಹಾಗೆ ಬಂದುಹೋದ ಹುಡುಗರ ಮುಖಗಳು ಮೇಡಂಗೂ ನೆನಪಿದ್ದವು. ಒಬ್ಬನಂತೂ ಮೊದಲ ಪರೀಕ್ಷೆಯಲ್ಲಿ ಇಡೀ ಹಾಳೆಯ ತುಂಬ ಗಾಳಿಪಟ ಬಿಡಿಸಿ "ಶನಿವಾರ ಸಿಗೋಣ" ಎಂದು ಬರೆದಿದ್ದ.

"ಮೇಷ್ಟ್ರೇ," ಎಂದರು ಕೊನೆಗೆ, "ಬಸ್ಸು ಓಡಿಸೋ ಒಬ್ಬ ಹೆಂಗಸು ಇದ್ದಾಳೆ ನನ್ನ ಸೆಕ್ಷನ್ನಲ್ಲಿ."

"ಗೊತ್ತು. ನಾನೂ ಅದೇ ಬಸ್ಸಲ್ಲಿ ಬರ್ತೀನಿ. ಬ್ರೇಕು ಹಾಕಿದ್ರೆ ನಿಂತವರಿಗೂ ಗೊತ್ತಾಗಲ್ಲ."

"ಅವಳ ಎರಡು ಪೇಪರು ನೋಡ್ತೀರಾ?"

ಬೇಡ ಎನ್ನುವ ಮುಂಚೆಯೇ ಮೇಡಂ ಫೈಲಿನಿಂದ ತೆಗೆದು ಬೀರುವಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರು. ಮೇಷ್ಟ್ರಿಗೆ ಮುಂದೆ ಪೇಪರಿಟ್ಟರೆ ಓದದೆ ಇರಲು ಆಗುವುದಿಲ್ಲ, ಅದು ಅವರ ಚಟ. ಬೆರಳು ತಾನಾಗಿಯೇ ಹೆಜ್ಜೆಯಿಂದ ಹೆಜ್ಜೆಗೆ ಇಳಿಯಿತು. ಮೊದಲ ಪೇಪರಿನಲ್ಲಿ ಆಕೆ ಪ್ರತಿ ಲೆಕ್ಕವನ್ನೂ ಸರಿಯಾಗಿ ಶುರು ಮಾಡಿದ್ದಳು. ಸಮೀಕರಣದ ಆಚೆ ಬದಿಗೆ ಸಂಖ್ಯೆ ದಾಟಿಸುವಾಗಲೆಲ್ಲ ಚಿಹ್ನೆ ಬದಲಿಸುವುದನ್ನು ಮರೆತಿದ್ದಳು. ಎಲ್ಲ ಕಡೆಯೂ ಅದೊಂದೇ ತಪ್ಪು, ಹನ್ನೆರಡು ಸಲ. ಎರಡನೆಯದರಲ್ಲಿ ಅದು ಇರಲೇ ಇಲ್ಲ. ಅಂಚಿನಲ್ಲಿ, ಪ್ರತಿ ಬಾರಿ ಸಂಖ್ಯೆ ದಾಟುವ ಕಡೆ, ಸಣ್ಣದಾಗಿ ಒಂದು ಚುಕ್ಕೆ ಇಟ್ಟುಕೊಂಡಿದ್ದಳು, ನಿಂತು ನೋಡಿ ಹೋಗಲು.

"ಕಲ್ತಿದ್ದಾಳೆ," ಎಂದರು ಮೇಷ್ಟ್ರು, ಕಹಿ ಮಾತ್ರೆ ನುಂಗಿದವರಂತೆ. ಆಮೇಲೆ, "ಇಲ್ಲಿ ಮೂರನೇ ಲೆಕ್ಕಕ್ಕೆ ನೀವು ಅರ್ಧ ಅಂಕ ಜಾಸ್ತಿ ಕೊಟ್ಟಿದ್ದೀರಿ."

"ಗೊತ್ತು."

ಕಾರಿಡಾರಿನ ಗಂಟೆ ಬಡಿಯಿತು. ಮೂರು ಗಂಟೆ. ದಣಿದ ಇಬ್ಬರು ಒಂದೇ ಬೀರುವಿಗೆ ಒರಗಿ ನಿಂತರೆ ಜಗಳ ತಾನಾಗಿಯೇ ನೆಲಕ್ಕೆ ಜಾರಿ ಕೂರುತ್ತದೆ.

"ಪೂರ್ತಿ ಕೊಡ್ಬೇಡಿ," ಎಂದರು ಮೇಷ್ಟ್ರು.

"ಅಂದ್ರೆ?"

"ಎರಡನೇ ಸಲ ಎಷ್ಟು ಏರ್ತಾರೋ ಅದರಲ್ಲಿ ಅರ್ಧ ಕೊಡಿ. ಮೊದಲಿನ ಅಂಕಕ್ಕೆ ಅದನ್ನ ಸೇರಿಸಿ."

ಮೇಡಂ ತಮಗರಿವಿಲ್ಲದೆಯೇ ಬೀರುವಿನ ಮೇಲಿದ್ದ ಲಕೋಟೆ ಎಳೆದುಕೊಂಡು ಅದರ ಬೆನ್ನ ಮೇಲೆ ಲೆಕ್ಕ ಹಾಕತೊಡಗಿದರು. ಮೂವತ್ತನಾಲ್ಕರಿಂದ ಐವತ್ತೆರಡಕ್ಕೆ ಏರಿಕೆ ಹದಿನೆಂಟು. ಅರ್ಧ ಒಂಬತ್ತು. ಮೂವತ್ತನಾಲ್ಕು ಮತ್ತು ಒಂಬತ್ತು, ನಲವತ್ತಮೂರು. ಪಾಸು. ಪೆನ್ನು ನಿಲ್ಲಲಿಲ್ಲ. ಗಾಳಿಪಟದವನು: ಸೊನ್ನೆಯಿಂದ ಅರವತ್ತು. ಅರ್ಧ ಮೂವತ್ತು. ಫೇಲು. ಇಪ್ಪತ್ತರಿಂದ ಐವತ್ತೆರಡು, ಮೂವತ್ತಾರು. ಅದೂ ಫೇಲು. ಓದದೆ ಬಂದವನಿಗೆ ಬಾಗಿಲು ಇಲ್ಲ, ಎಡವಿ ಬಿದ್ದವಳಿಗೆ ಇದೆ. ನಲವತ್ತೈದು ತಗೊಂಡ ಹುಡುಗಿ ಮುಂದೆಯೇ ಇದ್ದಾಳೆ.

"ಮೇಷ್ಟ್ರೇ, ಇದು ಇಷ್ಟು ವರ್ಷ ನನಗೆ ಯಾಕೆ ಹೊಳೀಲಿಲ್ಲ?"

"ನೀವು ಬರೆದಿರ್ಲಿಲ್ಲವಲ್ಲ, ಯಾರು ತಿದ್ತಾರೆ?" ಎಂದರು ಅರ್ಧಾಂಕ ಮೇಷ್ಟ್ರು, ಆ ವರ್ಷದಲ್ಲೇ ಮೊದಲ ಬಾರಿ ನಗುತ್ತ. "ಇನ್ನೊಂದು. ಕೋರ್ಸಿಗೆ ಒಂದೇ ಸಲ. ಹಳೇ ಪೇಪರು ಜೊತೆಗೆ ತರ್ಬೇಕು, ಎಲ್ಲೆಲ್ಲಿ ಯಾಕೆ ತಪ್ಪಾಯ್ತು ಅಂತ ಮೊದಲು ಅದರ ಮೇಲೆ ಬರೀಬೇಕು. ಆಗ ಬರೋರು ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚಾಗಲ್ಲ. ನನ್ನ ಸೆಕ್ಷನ್ನಿಂದು ನಾನೇ ನೋಡ್ಕೋತೀನಿ. ಹೆಂಡತೀಗೆ ನೀವೇ ಹೇಳ್ಬೇಕು."

"ಹೇಳ್ತೀನಿ."

"ಬೈತಾಳೆ."

"ಬೈಸ್ಕೋತೀನಿ. ಸಹಿ ಹಾಕಿ."

ಹೊಸ ಸಾಲುಗಳನ್ನು ಟೈಪು ಮಾಡಿ, ಇಬ್ಬರೂ ಸಹಿ ಹಾಕುವಷ್ಟರಲ್ಲಿ ಮೂರು ನಲವತ್ತೈದು. ಪ್ರಿಂಟಿಂಗ್ ರೂಮು ನೆಲಮಾಳಿಗೆಯಲ್ಲಿ, ಮೂರು ಮಹಡಿ ಕೆಳಗೆ. ಮೇಡಂ ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಡುತ್ತ ಇಳಿದರು.

ಅಲ್ಲಿದ್ದವನು ದಾರದಣ್ಣ. ಕ್ಯಾಲ್ಕುಲೇಟರಿಗೆ ದಾರ ಕಟ್ಟಿದ ಇಬ್ಬರಲ್ಲಿ ಒಬ್ಬ. ಈಗ ತಲೆಯಲ್ಲಿ ಅರ್ಧ ಬೆಳ್ಳಿ, ಅಂಗಿಯ ತುಂಬ ಶಾಯಿ. ಹಾಳೆ ಕೈಗೆ ಬರುತ್ತಲೇ ಅವನ ಕಣ್ಣು ಹನ್ನೊಂದನೇ ನಿಯಮ ಹುಡುಕಿತು.

"ಮೇಡಂ! ನನ್ನ ನಿಯಮ ಎಲ್ಲಿ?"

"ಜಾಗ ಇರ್ಲಿಲ್ಲಪ್ಪ."

"ಏನ್ ಮೇಡಂ ಹಿಂಗ್ ಮಾಡ್ಬಿಟ್ರಿ! ಪ್ರತಿ ವರ್ಷ ಹೊಸ ಹುಡುಗ್ರಿಗೆ ನಾನೇ ತೋರಿಸ್ತಿದ್ದೆ, ನೋಡ್ರಪ್ಪ ಹನ್ನೊಂದನೇದು ನಮ್ಮದು ಅಂತ. ಈ ಕಾಲೇಜಲ್ಲಿ ನಾನು ಅಚ್ಚಾಗಿರೋದು ಅದೊಂದರಲ್ಲೇ." ಗೊಣಗುತ್ತಲೇ ಯಂತ್ರಕ್ಕೆ ಹಾಳೆ ಕೊಟ್ಟ. ಒಂದು ಪ್ರತಿ ಹೊರಬಂತು. ಅದರ ಹಿಂದೆಯೇ ಇನ್ನೊಂದು ಹಾಳೆ ಬಂತು, ಒಂದೇ ಸಾಲು ಹೊತ್ತುಕೊಂಡು.

ದಾರದಣ್ಣ ಎರಡೂ ಹಾಳೆಗಳನ್ನು ಬೆಳಕಿಗೆ ಹಿಡಿದ. "ಮೇಡಂ, ಒಂದು ಸಾಲು ಆಚೆ ಚೆಲ್ಲಿದೆ. ಹದಿನೈದನೇದರ ಬಾಲ. ಒಂದೇ ಹಾಳೆ ಅಂತ ಹೆಡ್ಡು ಆರ್ಡರ್ರು. ಇದನ್ನ ಕತ್ತರಿಸ್ಲಾ?"

ಚೆಲ್ಲಿದ ಸಾಲಿನಲ್ಲಿದ್ದದ್ದು ಇಷ್ಟು: "ಏರಿಕೆಯ ಅರ್ಧದಷ್ಟನ್ನು ಮೊದಲ ಅಂಕಕ್ಕೆ ಸೇರಿಸಲಾಗುವುದು."

"ಅಯ್ಯೋ, ಬೇಡ! ಅದೇ ಜೀವ."

"ಹಂಗಾದ್ರೆ ಮೇಲಿಂದ ಒಂದು ಸಾಲು ಇಳಿಸಿ. ಅಕ್ಷರ ಇನ್ನೂ ಚಿಕ್ಕದು ಮಾಡಿದ್ರೆ ಭೂತಕನ್ನಡಿ ಕೊಡ್ಬೇಕಾಗುತ್ತೆ."

ಮೇಡಂ ಹಾಳೆ ಹಿಡಿದು ನಿಂತರು. ಹಾಜರಿ ತೆಗೆಯುವ ಹಾಗಿಲ್ಲ. ಪರೀಕ್ಷೆಯ ತಾರೀಖು ತೆಗೆಯುವ ಹಾಗಿಲ್ಲ. ಮೇಷ್ಟ್ರ ಪೆನ್ಸಿಲ್ಲಿನ ನಿಯಮ ತೆಗೆದರೆ ಸಹಿ ವಾಪಸ್. ಕಣ್ಣು ಮೇಲೆ ಮೇಲೆ ಹತ್ತಿ, ಶೀರ್ಷಿಕೆಯ ಕೆಳಗೆ, ಓರೆ ಅಕ್ಷರಗಳಲ್ಲಿದ್ದ ಒಂದು ಸಾಲಿನ ಮೇಲೆ ನಿಂತಿತು. "ಗಣಿತವೆಂಬ ಆನಂದದ ಲೋಕಕ್ಕೆ ನಿಮಗೆಲ್ಲರಿಗೂ ಹಾರ್ದಿಕ ಸ್ವಾಗತ." ಎಷ್ಟೋ ವರ್ಷದ ಹಿಂದೆ, ಒಂದು ಮಧ್ಯಾಹ್ನವೆಲ್ಲ ಕೂತು ಪದಪದವನ್ನೂ ಜೋಡಿಸಿದ ಸಾಲು. ಆಗ ಅದನ್ನು ನಂಬಿದ್ದರು. ಈಗಲೂ ನಂಬುತ್ತಿದ್ದರು, ಆದರೆ ಕೂತುಕೊಂಡು.

"ಇದನ್ನ ಯಾರಾದ್ರೂ ಓದಿದ್ದಾರೇನೋ?" ಎಂದು ಬೆರಳಿಟ್ಟು ಕೇಳಿದರು.

ದಾರದಣ್ಣ ಬಗ್ಗಿ ನೋಡಿದ. "ಇದು ಇತ್ತಾ?"

"ತೆಗಿ."

ಮೂರು ಐವತ್ತೆಂಟಕ್ಕೆ ಯಂತ್ರ ಗುಡುಗುಟ್ಟತೊಡಗಿತು. ಹಾಳೆಗಳು ಒಂದರ ಮೇಲೊಂದು ಬಿಸಿಬಿಸಿಯಾಗಿ ಬಂದು ಬಿದ್ದವು. ಮೇಡಂ ಗೋಡೆಗೆ ಒರಗಿ ತಂಗಿಗೆ ಸಂದೇಶ ಕಳಿಸಿದರು: ಈ ಟರ್ಮೂ ಆಗಲ್ಲ ಕಣೇ. ಉತ್ತರ ತಕ್ಷಣ ಬಂತು: ಗೊತ್ತಿತ್ತು. ಆ ಜಾಗಕ್ಕೆ ನನ್ನ ಹೆಸರು ಹಾಕ್ಸಿದೀನಿ. ನಿನ್ನ ಮಂಡಿ ನೋವು ನೀನೇ ಇಟ್ಕೋ. ಇನ್ನೊಂದು ಕ್ಷಣಕ್ಕೆ ಮತ್ತೊಂದು: ಬರ್ತಾ ಎಣ್ಣೆ ತರ್ತೀನಿ.

ರಾಶಿಯ ಮೇಲಿನಿಂದ ಒಂದು ಪ್ರತಿ ತೆಗೆದುಕೊಂಡು ಮೇಡಂ ಗೇಟಿನ ಕಡೆ ನಡೆದರು. ಬಸ್ಸು ಆಗಲೇ ಬಂದು ನಿಂತಿತ್ತು. ಡ್ರೈವರಕ್ಕ ಎರಡೂ ಕೈಯಿಂದ ಕಂಬಿ ಹಿಡಿದು, ಹಿಮ್ಮುಖವಾಗಿ, ಒಂದು ಮೆಟ್ಟಿಲಿಗೆ ಒಮ್ಮೆ ಉಸಿರು ಬಿಡುತ್ತ ಇಳಿಯುತ್ತಿದ್ದಳು. ನೆಲ ಮುಟ್ಟಿ ಬೆಲ್ಟು ಸರಿಮಾಡಿಕೊಂಡಳು. ಕೈ ಚಾಚಿದಳು.

ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಆಕೆ ಒಂದನೆಯದರಿಂದ ಶುರು ಮಾಡಿ, ಬೆರಳು ಜಾರಿಸುತ್ತ, ತುಟಿ ಅಲ್ಲಾಡಿಸುತ್ತ ಹದಿನೈದೂ ನಿಯಮಗಳನ್ನು ಓದಿದಳು. ಇಪ್ಪತ್ತೆರಡು ವರ್ಷದಲ್ಲಿ ಆ ಕಾಗದವನ್ನು ಪೂರ್ತಿ ಓದಿದ ಮೊದಲ ವಿದ್ಯಾರ್ಥಿಯನ್ನು ಮೇಡಂ ನೋಡುತ್ತ ಕೂತರು. ಹಿಂದೆ ಬಸ್ಸಿನಲ್ಲಿ ಯಾರೋ ಹೊತ್ತಾಯಿತೆಂದು ಕೆಮ್ಮಿದರು.

"ಅರ್ಧನಾ?" ಎಂದಳು ಕೊನೆಗೆ.

"ಅರ್ಧ. ಅಷ್ಟೇ ಆಯ್ತು ಕಣಮ್ಮಾ ನನ್ನ ಕೈಲಿ."

"ಒಂದೇ ಸಲ?"

"ಒಂದೇ ಸಲ. ಹಳೇ ಪೇಪರು ತಗೊಂಡ್ ಬರ್ಬೇಕು. ತಪ್ಪು ಯಾಕಾಯ್ತು ಅಂತ ನೀನೇ ಬರೀಬೇಕು."

"ಅದಕ್ಕೇನ್ ಮೇಡಂ, ಅದು ಕಂಠಪಾಠ ಆಗಿದೆ." ಆಕೆ ಹದಿನೈದನೆಯದನ್ನು ಇನ್ನೊಮ್ಮೆ ಓದಿದಳು. "ಮತ್ತೆ ಆ ಕಂಪ್ಯೂಟರು ನಂಬರ್ ಕೇಳಿದ್ರೆ?"

"ಹದಿನೈದು ಅನ್ನು."

"ಹದಿನೈದು," ಎಂದಳು ಡ್ರೈವರಕ್ಕ. ಜೇಬಿನಿಂದ ಟ್ರಿಪ್ ಹಾಳೆಗೆ ಸಿಕ್ಕಿಸಿದ್ದ ಪೆನ್ನು ಎಳೆದು, ಹಾಳೆಯನ್ನು ತೊಡೆಯ ಮೇಲಿಟ್ಟು, ಕೆಳಗಿನ ಚೀಟಿಯಲ್ಲಿ ನಿಧಾನವಾಗಿ ಸಹಿ ಮಾಡಿದಳು. ಉಗುರಿನಿಂದ ಗೆರೆ ತೀಡಿ ಚೀಟಿ ಹರಿದು ಮೇಡಂ ಕೈಗಿತ್ತಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬೆಲ್ಟಿನೊಳಗೆ ಸಿಕ್ಕಿಸಿಕೊಂಡು, ನೋಂದಣಿ ಕಿಟಕಿಯತ್ತ ನಡೆದಳು.

ಮೇಡಂ ಚೀಟಿಯ ಮೇಲೆ ತಾರೀಖು ಬರೆದರು.